ಯುದ್ಧಾನಂತರದ ಊರು ಮತ್ತು ವಿಶ್ವವಿದ್ಯಾನಿಲಯದ ಸೇವಾಶಿಕ್ಷಣ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯನ್ನು ಕುರಿತು

ಕರ್ನಾಟಕದ ಯುದ್ಧಗಳ ಇತಿಹಾಸವನ್ನು ಅರಸುಮನೆತನಗಳ ಸೋಲುಗೆಲುವುಗಳ ದೃಷ್ಟಿಯಿಂದ ವಿಪುಲವಾಗಿ ಬರೆಯಲಾಗಿದೆ. ದಂಡು ಹಾದುಹೋದ ಮೇಲೆ ಊರು ಮತ್ತೆ ತಲೆಯೆತ್ತಿದ ಬಗೆ ಮಾತ್ರ ವಿದ್ವಾಂಸರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. 1947ರವರೆಗೆ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯಲ್ಲಿ, ಮಲೆನಾಡು ಬಯಲುಸೀಮೆಗಳು ಕೂಡುವ ಕಡೂರು, ತರೀಕೆರೆ ಹಾಗೂ ಹಿಂದೆ ತರೀಕೆರೆ ತಾಲ್ಲೂಕಿಗೇ ಸೇರಿದ್ದ ಅಜ್ಜಂಪುರ ಪ್ರದೇಶಗಳನ್ನು ಆಧರಿಸಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಬಿ.ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 6ನೆಯ ಸಂಪುಟ ಕಡೂರು ಜಿಲ್ಲೆಯ ಶಾಸನಗಳಿಗೆ ಮೀಸಲಾಗಿದೆ. ಹೊಯ್ಸಳರ ಅಧೀನದಲ್ಲಿ ಆಳಿದ ಆಸಂದಿಯ ಗಂಗರ ನಾಡು ಇದೇ. ಕನ್ನಡ ವೀರಗಲ್ಲುಗಳಲ್ಲಿ ಕಾಣುವ ತುರುಗೋಳ್, ಪೆಣ್ಬುಯ್ಯಲ್, ಊರಳಿವು ಎಂಬ ಮಾತುಗಳು ದಾಳಿಯ ಪೆಟ್ಟು ಬಿದ್ದುದು ಎಲ್ಲಿ ಎಂಬುದನ್ನು ನೇರವಾಗಿ ಹೇಳುತ್ತವೆ: ದನಕರುಗಳ ಮೇಲೆ, ಹೆಂಗಸರ ಮೇಲೆ, ಊರಿನ ಮೇಲೆ. ಮಡಿದವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿ ಇತ್ತು. ಸತ್ತವನ ಹೆಸರಿಗೆ ಕಲ್ಲು, ಉಳಿದವರ ಬದುಕಿಗೆ ನೆಲ ಎಂಬ ಈ ಜೋಡಿ ವ್ಯವಸ್ಥೆಯಲ್ಲಿ ಸ್ಮರಣೆ ಮತ್ತು ಜೀವನೋಪಾಯಗಳು ಬೇರೆಬೇರೆಯಾಗಿರಲಿಲ್ಲವೆಂಬುದು ಗಮನಾರ್ಹ.

ಮುಂದಿನ ಕಾಲದಲ್ಲಿ ಈ ಹೊಣೆ ಬಹುಮಟ್ಟಿಗೆ ಪ್ರಭುತ್ವದ ಕೈಸೇರಿತು. 1791ರಲ್ಲಿ ಮರಾಠಾ ಸೈನ್ಯದ ದಾಳಿಗೆ ತುತ್ತಾದ ಶೃಂಗೇರಿಯ ಪುನಃಪ್ರತಿಷ್ಠೆಗೆ ಟಿಪ್ಪು ಸುಲ್ತಾನನು ನೆರವು ನೀಡಿದ ಸಂಗತಿ, 1916ರಲ್ಲಿ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡ ಕನ್ನಡ ಪತ್ರಗಳಿಂದ ಬೆಳಕಿಗೆ ಬಂದಿತು. 1830ರ ನಗರದ ದಂಗೆಯಲ್ಲಿ ತರೀಕೆರೆಯ ಪಾಳೆಯಗಾರ ಮನೆತನವೂ ಸೇರಿಕೊಂಡಿತು. 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡರು. ದಂಗೆಯ ಕಾರಣಗಳನ್ನರಿಯಲು ನೇಮಿಸಿದ ಸಮಿತಿ 1833ರಲ್ಲಿ ವರದಿ ಸಲ್ಲಿಸಿತು. ಕಂದಾಯ ವಸೂಲಿಯ ಗುತ್ತಿಗೆಯಂತಿದ್ದ ಶರತ್ತು ಪದ್ಧತಿ ರೈತರನ್ನು ಹಿಂಡಿದ ಕಾರಣಗಳಲ್ಲೊಂದು. ತರುವಾಯ ಕಮಿಷನರರ ಆಡಳಿತದಲ್ಲಿ 769 ಬಗೆಯ ಸಣ್ಣಪುಟ್ಟ ತೆರಿಗೆಗಳು ರದ್ದಾದವು. ಹೊರೆ ಇಳಿಯಿತು, ನಿಜ. ಆದರೆ ಕಲ್ಲಿನ ಮೇಲೆ ಹೆಸರು ಬರೆಸುತ್ತಿದ್ದ ಊರಿಗೂ ಕಡತದಲ್ಲಿ ತೆರಿಗೆ ವಜಾ ಮಾಡಿದ ಸರ್ಕಾರಕ್ಕೂ ಇರುವ ಅಂತರವನ್ನು ಇತಿಹಾಸಕಾರರು ಮರೆಯಲಾಗದು.

ಈ ಅಂತರವನ್ನು ತುಂಬಬಲ್ಲ ಆಧುನಿಕ ಸಂಸ್ಥೆಗಳಲ್ಲಿ ವಿಶ್ವವಿದ್ಯಾನಿಲಯವೂ ಒಂದು. ಯುವಜನರ ಸೇವಾಶಿಬಿರದ ಕಲ್ಪನೆಗೂ ಯುದ್ಧಕ್ಕೂ ಹುಟ್ಟಿನಿಂದಲೇ ನಂಟಿದೆ. ಪ್ರಥಮ ಮಹಾಯುದ್ಧದಲ್ಲಿ ಹಾಳಾದ ವರ್ದೂನ್ ಸಮೀಪದ ಎಸ್ನ್ ಗ್ರಾಮವನ್ನು ಕಟ್ಟಲು ಸ್ವಿಟ್ಜರ್ಲೆಂಡಿನ ಪಿಯೇರ್ ಸೆರೆಸೋಲ್ 1920ರಲ್ಲಿ ಸ್ವಯಂಸೇವಕರ ಶಿಬಿರ ನಡೆಸಿದರು; 1934ರ ಭೂಕಂಪದ ಬಳಿಕ ಅವರು ಬಿಹಾರಕ್ಕೂ ಬಂದರು. ಭಾರತದಲ್ಲಿ 1962ರ ಯುದ್ಧದ ಹಿನ್ನೆಲೆಯಲ್ಲಿ ಎನ್.ಸಿ.ಸಿ. ತರಬೇತಿ ಕಾಲೇಜುಗಳಲ್ಲಿ ಕಡ್ಡಾಯವಾಯಿತು. ಅದಕ್ಕೆ ಪರ್ಯಾಯವೂ ಇರಬೇಕೆಂಬ 1967ರ ಶಿಕ್ಷಣ ಸಚಿವರ ಸಮ್ಮೇಳನದ ಶಿಫಾರಸಿನ ಫಲವಾಗಿ, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳ 40,000 ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ವರ್ಷಕ್ಕೆ 120 ಗಂಟೆಗಳ ಸೇವೆ ಹಾಗೂ ಏಳು ದಿನಗಳ ಗ್ರಾಮಶಿಬಿರ ಇದರ ಸ್ವರೂಪ. 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದ ಕೇಂದ್ರವಾದ ಶಂಕರಘಟ್ಟ ತರೀಕೆರೆಗೆ ದೂರವಲ್ಲ. ಚಿಕ್ಕಮಗಳೂರು ಜಿಲ್ಲೆ ಅದರ ವ್ಯಾಪ್ತಿಗೆ ಸೇರಿದೆ.

ಸೇವೆಯೊಡನೆ ಕಲಿಕೆ ಕೂಡದಿದ್ದರೆ ಶಿಬಿರವು ರಸ್ತೆ ಗುಡಿಸಿ ಪ್ರಮಾಣಪತ್ರ ಪಡೆಯುವಲ್ಲಿಗೆ ಮುಗಿಯುತ್ತದೆ. ಇತಿಹಾಸದ ವಿದ್ಯಾರ್ಥಿ ಕೆರೆಯ ಹೂಳೆತ್ತುವಾಗ ಅದರ ಏರಿಯ ಮೇಲಿನ ಕಲ್ಲನ್ನೂ ಓದಬಲ್ಲವನಾಗಬೇಕು. ಹೊಲದ ಬದುವಿಗೆ, ಮೋರಿಯ ಹಾಸಿಗೆ ಬಳಕೆಯಾದ ವೀರಗಲ್ಲು ಒಮ್ಮೆ ಒಡೆದರೆ ಒಂದು ಕುಟುಂಬದ ಏಕೈಕ ದಾಖಲೆಯೇ ಅಳಿದಂತೆ. ಅದನ್ನು ‘ವೀರಪ್ಪ’ನೆಂದು ಪೂಜಿಸುವ ಮನೆತನದ ಹಿರಿಯರು ಹೇಳುವ ಕಥನ ಶಾಸನಪಾಠಕ್ಕೆ ಪೂರಕ ಆಕರ, ಅಲ್ಲಿ ವಿದ್ಯಾರ್ಥಿ ಶಿಷ್ಯ, ಊರವರು ಗುರುಗಳು. ಕಲ್ಲಿನ ನೆಲೆ, ಅಳತೆ, ಪಾಠ, ಹೇಳಿಕೆಗಳನ್ನು ದಾಖಲಿಸಿ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಒಪ್ಪಿಸುವುದು ಶಿಬಿರದ ನಿಯಮವಾಗಬೇಕು. ಇಂದಿನ ಯೋಧರ ಕುಟುಂಬಗಳಿಗೆ ಸಲ್ಲಬೇಕಾದ ಪಿಂಚಣಿ, ಜಮೀನುಗಳ ಅರ್ಜಿಯಲ್ಲಿ ನೆರವಾಗುವುದೂ ಇದೇ ಪಾಠದ ಮುಂದುವರಿಕೆ. ನೆತ್ತರುಗೊಡಗೆಯ ಅರ್ಥವನ್ನು ತರಗತಿಯಲ್ಲಿ ಓದಿದವನಿಗೆ ಆ ಅರ್ಜಿಯ ತೂಕ ತಿಳಿದೀತು.

ಈ ಸೀಮೆಯ ಪೂರ್ವಿಕರು ನೆಲ ಮತ್ತು ನೆನಪು ಎರಡನ್ನೂ ಒಟ್ಟಿಗೆ ಕೊಟ್ಟು ನೊಂದ ಮನೆಯನ್ನು ಎತ್ತಿ ನಿಲ್ಲಿಸಲು ಯತ್ನಿಸಿದರು. ವಿಶ್ವವಿದ್ಯಾನಿಲಯದ ಸೇವಾಶಿಕ್ಷಣ ಸಾರ್ಥಕವಾಗುವುದು ಈ ಎರಡನ್ನೂ ಕೈಬಿಡದೆ ನಡೆದಾಗ.