ಬೆಂಗಳೂರಿನಲ್ಲಿ ಪರಸ್ಥಳದ ವಿಶ್ವವಿದ್ಯಾನಿಲಯಗಳು

ಹಲಸೂರಿನಿಂದ ಮೂಡಣಕ್ಕೆ ಹೊರಟು, ದೊಮ್ಮಲೂರನ್ನೂ ವಿಮಾನದ ಕಾರ್ಖಾನೆಯನ್ನೂ ದಾಟಿದರೆ ಮಾರತ್ತಹಳ್ಳಿ ಸಿಕ್ಕುತ್ತದೆ. 1961ರಲ್ಲಿ ಈ ಕಾರ್ಖಾನೆಯವರು ಹಾರಿಸಿದ ‘ಮಾರುತ್’ ಎಂಬ ವಿಮಾನದಿಂದ ಊರಿಗೆ ಹೆಸರು ಬಂದಿತೆಂದು ಹೇಳುವವರುಂಟು; ಊರು ವಿಮಾನಕ್ಕಿಂತ ಹಳೆಯದಾದುದರಿಂದ ಈ ನಿರುಕ್ತಿಯನ್ನು ವಿನೋದವೆಂದೆಣಿಸಿ ಬಿಡುವುದೇ ಲೇಸು. ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋದರೆ ವೈಟ್‌ಫೀಲ್ಡು. ಶ್ರೀ ಚಾಮರಾಜೇಂದ್ರ ಒಡೆಯರವರು ದಯಪಾಲಿಸಿದ ಭೂಮಿಯಲ್ಲಿ ಯೂರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘದವರು 1882ರಲ್ಲಿ ನೆಲೆಗೊಳಿಸಿದ ಊರು ಅದು. ಅಲ್ಲಿ ತನ್ನ ಶಾಖೆಯೊಂದನ್ನು ತೆರೆಯಲು ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯಕ್ಕೆ 2025ರ ಮೇ ತಿಂಗಳಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಸಮ್ಮತಿಪತ್ರ ದೊರೆಯಿತು. ಇಂತಹ ಶಾಖೆಗಳಿಗೆಂದು 2023ರಲ್ಲಿ ಆಯೋಗವು ಮಾಡಿದ ನಿಬಂಧನೆಗಳಂತೆ, ಇಲ್ಲಿ ಓದಿದವರಿಗೆ ಮೂಲ ವಿಶ್ವವಿದ್ಯಾನಿಲಯದ ಹೆಸರಿನಲ್ಲಿಯೇ, ಅದರ ಮುದ್ರೆಯೊಡನೆಯೇ ಪದವಿ ಸಲ್ಲತಕ್ಕದ್ದು.

ಬೆಂಗಳೂರಿನ ನೆಲದಲ್ಲಿ ಕಡಲಾಚೆಯ ಮುದ್ರೆ ಬೀಳುವುದು ಇದೇ ಮೊದಲೆಂದು ವಾಚಕರಿಗೆ ತೋರಬಹುದು. ಸ್ವಲ್ಪ ಹಿಂದಿರುಗಿ ನೋಡಿದರೆ, ಈ ನಗರದಲ್ಲಿ ಉನ್ನತ ವಿದ್ಯೆಯು ಮೊದಲಿನಿಂದಲೂ ಬೇರೆಲ್ಲಿಯದೋ ಮುದ್ರೆಯನ್ನು ಹೊತ್ತೇ ಬೆಳೆಯಿತೆಂಬುದು ಗೊತ್ತಾಗುವುದು. ಆ ಮುದ್ರೆಗಳಿಂದ ಈ ನಾಡಿನ ಭಾಷೆಗೆ ಏನಾಯಿತೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

1857ರಲ್ಲಿ ಸ್ಥಾಪಿತವಾದ ಮದ್ರಾಸು ವಿಶ್ವವಿದ್ಯಾನಿಲಯವು ಲಂಡನ್ನಿನ ಮಾದರಿಯದು. ತಾನು ಪಾಠ ಹೇಳದೆ, ಪರೀಕ್ಷೆ ನಡೆಸಿ ಪದವಿ ಕೊಡುವುದೇ ಅದರ ಕೆಲಸವಾಗಿದ್ದಿತು. ಪಾಠವೆಲ್ಲವೂ ಅದಕ್ಕೆ ಸೇರಿದ ಕಾಲೇಜುಗಳ ಪಾಲಿನದು. 1858ರಲ್ಲಿ ಪ್ರೌಢಶಾಲೆಯಾಗಿ ಹುಟ್ಟಿ 1875ರಲ್ಲಿ ಸೆಂಟ್ರಲ್ ಕಾಲೇಜೆಂದು ಹೆಸರು ಪಡೆದ ವಿದ್ಯಾಲಯವು, ಮೈಸೂರು ಸಂಸ್ಥಾನದ ನೆಲದಲ್ಲಿದ್ದರೂ, ಈ ಮದ್ರಾಸಿಗೆ ಸೇರಿದುದೇ. ದಂಡುಪ್ರದೇಶದಲ್ಲಿ 1882ರಲ್ಲಿ ಪ್ಯಾರಿಸ್ಸಿನ ವಿದೇಶ ಮಿಷನ್ನಿನ ಪಾದ್ರಿಗಳು ತೆರೆದ ಸೇಂಟ್ ಜೋಸೆಫ್ ಕಾಲೇಜೂ ಅಂತೆಯೇ.

ಇಲ್ಲಿ ದಂಡುಪ್ರದೇಶದ ಸ್ಥಿತಿಯನ್ನು ಸ್ವಲ್ಪ ವಿವರಿಸುವುದು ಅವಶ್ಯ. 1809ರಲ್ಲಿ ಇಂಗ್ಲಿಷರ ಸೇನೆಯು ಶ್ರೀರಂಗಪಟ್ಟಣದಿಂದ ಹಲಸೂರಿನ ಬಳಿಗೆ ಬಂದು ಬೀಡುಬಿಟ್ಟಿತಷ್ಟೆ. 1881ರಲ್ಲಿ ಸಂಸ್ಥಾನವು ಮಹಾರಾಜರವರಿಗೆ ಮರಳಿದಾಗ ಈ ಬೀಡು ಮಾತ್ರ ಇಂಗ್ಲಿಷರ ಆಡಳಿತದಲ್ಲಿಯೇ ಉಳಿಯಿತು. ಸ್ವಾಮ್ಯ ಮಹಾರಾಜರದು, ಅಧಿಕಾರ ರೆಸಿಡೆಂಟರದು. ಒಂದು ಬೀದಿಯನ್ನು ದಾಟಿದರೆ ಪುರಸಭೆ ಬೇರೆ, ಪೊಲೀಸು ಬೇರೆ, ನ್ಯಾಯಸ್ಥಾನ ಬೇರೆ. ಒಂದು ದೊರೆತನದ ನೆಲದಲ್ಲಿ ಇನ್ನೊಂದರ ಅಧಿಕಾರ ಎಲ್ಲಿಯವರೆಗೆ ನಡೆಯುತ್ತದೆಂಬುದು ಅಂತರರಾಷ್ಟ್ರೀಯ ವ್ಯವಹಾರಗಳನ್ನು ಬೋಧಿಸುವ ವಿದ್ಯಾಲಯಗಳಲ್ಲಿ ಈಗ ಮೊದಮೊದಲಿಗೇ ಬರುವ ಪ್ರಶ್ನೆ. ನಮ್ಮ ಶಿವಾಜಿನಗರದವರು ಅದನ್ನು ಪುಸ್ತಕವಿಲ್ಲದೆಯೇ, ಸಂತೆಗೆ ಹೋಗಿ ಬರುವಾಗ ಕಲಿತರು.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿದಾಗ ಈ ಗಡಿಯು ವಿದ್ಯೆಗೂ ಗಡಿಯಾಯಿತು. ಸೆಂಟ್ರಲ್ ಕಾಲೇಜು ಮೈಸೂರಿಗೆ ಸೇರಿತು. ಸೇಂಟ್ ಜೋಸೆಫ್ ಕಾಲೇಜು ಮದ್ರಾಸಿನಲ್ಲಿಯೇ ನಿಂತಿತು. ಎರಡಕ್ಕೂ ನಡುವೆ ನಡೆದು ಹೋಗುವಷ್ಟೇ ದೂರ. ಪಠ್ಯಕ್ರಮವೂ ಪರೀಕ್ಷಕರೂ ಪದವಿಯೂ ಬೇರೆ ಬೇರೆ. ಯೂರೋಪಿಯನ್ನರ ಶಾಲೆಗಳ ಹುಡುಗರು ಬರೆದ ಕೇಂಬ್ರಿಡ್ಜ್ ಪರೀಕ್ಷೆಯ ಉತ್ತರಗಳಂತೂ ಹಡಗು ಹತ್ತಿ ಇಂಗ್ಲೆಂಡಿಗೇ ಹೋಗುತ್ತಿದ್ದುವು. 1947ರ ಜುಲೈ 26ರಂದು ದಂಡು ಮೈಸೂರಿಗೆ ಮರಳಿದ ಬಳಿಕ ಸೇಂಟ್ ಜೋಸೆಫ್ ಕಾಲೇಜೂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸಂದಿತು; 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ; 2022ರಲ್ಲಿ ತಾನೇ ಒಂದು ವಿಶ್ವವಿದ್ಯಾನಿಲಯವಾಯಿತು.

ಇನ್ನೂ ವಿಚಿತ್ರವಾದ ಮುದ್ರೆಯೊಂದು ದಂಡಿನಲ್ಲಿ ಇಂದಿಗೂ ಇದೆ. ಹಲವು ಮಿಷನ್ನುಗಳು ಕೂಡಿ 1910ರಲ್ಲಿ ಸ್ಥಾಪಿಸಿದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಓದಿದವರಿಗೆ ಪದವಿ ಬರುವುದು ಬಂಗಾಳದ ಸೆರಾಂಪುರದಿಂದ. ಸೆರಾಂಪುರಕ್ಕೆ ಆ ಅಧಿಕಾರವನ್ನು 1827ರಲ್ಲಿ ಸನದಿನ ಮೂಲಕ ಕೊಟ್ಟವನು ಡೆನ್ಮಾರ್ಕಿನ ದೊರೆ ಆರನೆಯ ಫ್ರೆಡರಿಕ್. ಡೇನರು ಆ ಊರನ್ನು 1845ರಲ್ಲಿ ಇಂಗ್ಲಿಷರಿಗೆ ಮಾರಿ ಹೊರಟುಹೋದರು, ಸನದು ಉಳಿಯಿತು.

ಇನ್ನು ಭಾಷೆಯ ಮಾತು. ಮುದ್ರೆ ಹೊರಗಿನದಾದರೆ ಕನ್ನಡಕ್ಕೆ ಹಾನಿ, ನಮ್ಮದಾದರೆ ಲಾಭ ಎಂದು ನಾವು ಸುಲಭವಾಗಿ ಭಾವಿಸುತ್ತೇವೆ. ಚರಿತ್ರೆಯು ಇದನ್ನು ಸಮರ್ಥಿಸುವುದಿಲ್ಲ. ಮದ್ರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕನ್ನಡವಿದ್ದಿತು, ‘ಕವಿಚರಿತೆ’ಯ ಆರ್. ನರಸಿಂಹಾಚಾರ್ಯರು ಅಲ್ಲಿಯ ಎಂ.ಎ. ಪದವಿಯನ್ನು ಕನ್ನಡದಲ್ಲಿಯೇ ಪಡೆದರು. ನಮ್ಮದೇ ಆದ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳು, 1915ರಲ್ಲಿ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾದ ಎಚ್. ವಿ. ನಂಜುಂಡಯ್ಯನವರೇ. ಆದರೂ ಅಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದುದು 1927ರಲ್ಲಿ, ಎಂದರೆ ಹನ್ನೊಂದು ವರ್ಷ ಕಳೆದ ಮೇಲೆ. ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವು ಅದಕ್ಕೆ ಮೊದಲೇ, 1919ರಲ್ಲಿ, ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿತೆಂಬುದನ್ನು ನೆನೆದರೆ, ಇದರಲ್ಲಿ ಅಧಿಕಾರಮಂಡಲಿಗಿಂತ ಅಧ್ಯಾಪಕರೂ ವಿದ್ಯಾರ್ಥಿಗಳೂ ಮುಂದಿದ್ದರೆಂದು ಹೇಳಬೇಕಾಗುತ್ತದೆ.

ಇದೇ ವಿದ್ಯಾಲಯವು ಇನ್ನೂ ಪ್ರೌಢಶಾಲೆಯಾಗಿದ್ದಾಗ, 1860ರಲ್ಲಿ, ಅದಕ್ಕೆ ಮುಖ್ಯಸ್ಥರಾಗಿ ಬಂದವರು ಬಿ. ಎಲ್. ರೈಸ್. ಅವರು ಪಾದ್ರಿಯೊಬ್ಬರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಓದಿಗಾಗಿ ಇಂಗ್ಲೆಂಡಿಗೆ ಹೋಗಿ ಮರಳಿದವರು. ಮುಂದೆ ಊರೂರು ಸುತ್ತಿ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ಣಾಟಕ’ದ ಹನ್ನೆರಡು ಸಂಪುಟಗಳನ್ನು ಪ್ರಕಟಿಸಿದರು, ಬೆಂಗಳೂರು ಜಿಲ್ಲೆಯದು 1905ರ ಒಂಬತ್ತನೆಯ ಸಂಪುಟ. ನಮ್ಮ ಪಂಡಿತರು ಹೊಲಗಳ ಬದುವಿನಲ್ಲಿ ಬಿದ್ದಿದ್ದ ಕಲ್ಲುಗಳನ್ನು ಚರಿತ್ರೆಯ ಆಧಾರಗಳೆಂದು ನೋಡಲು ಕಲಿತುದು ಬಹುಮಟ್ಟಿಗೆ ಈ ಹೊರಗಿನವರಿಂದ. ಆದರೆ ಅವರನ್ನು ಹೊರಗಿನವರೆನ್ನುವುದೇ ಸರಿಯಲ್ಲವೇನೋ!

ಮದ್ರಾಸಿಗೂ ಲಿವರ್‌ಪೂಲಿಗೂ ಒಂದು ಭೇದವುಂಟೆಂಬುದನ್ನು ಮರೆಯಬಾರದು. ಮದ್ರಾಸಿನಿಂದ ಪರೀಕ್ಷೆ ಮಾತ್ರ ಬರುತ್ತಿದ್ದಿತು. ಪಾಠ ಹೇಳುವವರು ಇಲ್ಲಿಯೇ ನೆಲೆಸಿದವರು. ಶಾಖೆಯಾದರೋ ಪಠ್ಯವನ್ನೂ ಪರೀಕ್ಷೆಯನ್ನೂ ಪದವಿಯನ್ನೂ ಕಡಲಾಚೆಯಿಂದಲೇ ತರುವುದು. ಹೀಗಿರಲು ನೆಲದ ಭಾಷೆಗೆ ಎಡೆಯುಂಟೆ ಎಂದರೆ, ಉಂಟೆಂಬುದಕ್ಕೆ ನಿದರ್ಶನವಿದೆ. ಅಂತರರಾಷ್ಟ್ರೀಯ ವ್ಯವಹಾರಗಳನ್ನೇ ಬೋಧಿಸುವ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿದ್ಯಾಲಯವು 1955ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಒಂದು ಶಾಖೆಯನ್ನೂ, 1986ರಲ್ಲಿ ಚೀನದ ನಾನ್‌ಜಿಂಗಿನಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದೊಡನೆ ಸೇರಿ ಒಂದು ಕೇಂದ್ರವನ್ನೂ ತೆರೆಯಿತು. ನಾನ್‌ಜಿಂಗಿನ ಏರ್ಪಾಡು ಗಮನಾರ್ಹವಾದುದು: ಹೊರದೇಶದ ವಿದ್ಯಾರ್ಥಿಗಳು ಚೀನೀ ಅಧ್ಯಾಪಕರಿಂದ ಚೀನೀ ಭಾಷೆಯಲ್ಲಿಯೂ, ಚೀನೀಯರು ಹೊರದೇಶದ ಅಧ್ಯಾಪಕರಿಂದ ಇಂಗ್ಲಿಷಿನಲ್ಲಿಯೂ ಪಾಠ ಕೇಳುವರು, ಒಬ್ಬೊಬ್ಬ ಚೀನೀಯನಿಗೆ ಒಬ್ಬೊಬ್ಬ ಪರದೇಶೀಯನು ಕೊಠಡಿಯ ಜೊತೆಗಾರ. ಪರರ ವ್ಯವಹಾರಗಳನ್ನು ಓದುವವನಿಗೆ ಪರರ ಭಾಷೆ ಬೇಕೆಂಬುದು ಅಲ್ಲಿ ಉಪದೇಶವಲ್ಲ, ನಿಯಮ.

ಲಿವರ್‌ಪೂಲಿಗೆ ಪರಮುದ್ರೆಯ ಅನುಭವ ಇಲ್ಲದಿಲ್ಲ. ಬೆಂಗಳೂರಿನ ದಂಡು ಪ್ರತ್ಯೇಕವಾಗಿ ಉಳಿದ ಅದೇ 1881ರಲ್ಲಿ, ಆ ರೇವುಪಟ್ಟಣದ ವಿಶ್ವವಿದ್ಯಾನಿಲಯವು ಒಂದು ಸಾಮಾನ್ಯ ಕಾಲೇಜಾಗಿ ಹುಟ್ಟಿತು. 1884ರಿಂದ ಹತ್ತೊಂಬತ್ತು ವರ್ಷ ವಿಕ್ಟೋರಿಯಾ ವಿಶ್ವವಿದ್ಯಾನಿಲಯದ ಅಂಗವಾಗಿದ್ದು, 1903ರಲ್ಲಷ್ಟೇ ಸ್ವಂತ ಸನದನ್ನು ಪಡೆಯಿತು. ವೈಟ್‌ಫೀಲ್ಡಿನಲ್ಲಿ 2026ರ ಆಗಸ್ಟ್‌ನಿಂದ ಬೋಧಿಸುವುದಾಗಿ 2025ರಲ್ಲಿ ಅದು ಪ್ರಕಟಿಸಿದ ವಿಷಯಗಳು ಐದು: ವ್ಯಾಪಾರ ನಿರ್ವಹಣೆ, ಲೆಕ್ಕಶಾಸ್ತ್ರ ಮತ್ತು ಹಣಕಾಸು, ಗಣಕ ವಿಜ್ಞಾನ, ಜೈವಿಕ ವೈದ್ಯವಿಜ್ಞಾನ, ಆಟಗಳ ವಿನ್ಯಾಸ. ಚರಿತ್ರೆಯಾಗಲಿ, ಅಂತರರಾಷ್ಟ್ರೀಯ ವ್ಯವಹಾರಗಳಾಗಲಿ, ಮದ್ರಾಸು ತನ್ನ ಪರೀಕ್ಷೆಗಳಲ್ಲಿ ಇಟ್ಟುಕೊಂಡಿದ್ದ ಕನ್ನಡವಾಗಲಿ ಆ ಪಟ್ಟಿಯಲ್ಲಿರಲಿಲ್ಲ.