ತುಳುನಾಡಿನ ಬಾಸೆಲ್ ಮಿಷನ್ ಸಭೆಗಳು: ಮನೆ, ದೇವಾಲಯ, ದುಡಿಮೆಗಳಲ್ಲಿ ಲೂಥರನ್ ಪರಂಪರೆ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಹಳೆಯ ಪ್ರೊಟೆಸ್ಟಂಟ್ ಸಭೆಗಳಲ್ಲಿ ಬಹುಪಾಲು ಬಾಸೆಲ್ ಮಿಷನ್ನಿನ ಕೆಲಸದಿಂದ ಹುಟ್ಟಿದವು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಒಂದೇ ಪಂಗಡಕ್ಕೆ ಸೇರಿದ್ದಲ್ಲ. ಅದರ ಬೆನ್ನಿಗೆ ನಿಂತವರಲ್ಲಿ ರಿಫಾರ್ಮ್ಡ್ ಪಂಗಡದ ಬಾಸೆಲ್ ವರ್ತಕರಿದ್ದರು. ಮಿಷನರಿಗಳಾಗಿ ಹೊರಟವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯೂರ್ಟೆಂಬೆರ್ಗ್ ಸೀಮೆಯ ಲೂಥರನ್ ಮನೆಗಳಿಂದ ಬಂದವರು. ಕರಾವಳಿಯ ಸಭೆಗಳ ಆರಾಧನೆ, ಮನೆಪ್ರಾರ್ಥನೆ, ಹಾಡು ಮತ್ತು ಶಿಸ್ತಿಗೆ ಒಂದು ಖಚಿತ ರೂಪ ಬಂದುದು ಈ ಸೀಮೆಯ ರೂಢಿಗಳಿಂದ.

ವ್ಯೂರ್ಟೆಂಬೆರ್ಗಿನ ಲೂಥರನ್ ಸಭೆಗೆ ಎರಡು ವಿಶೇಷಗಳಿದ್ದವು. ಮೊದಲನೆಯದು ಆರಾಧನೆಯ ಸರಳತೆ. ಉತ್ತರ ಜರ್ಮನಿಯ ಲೂಥರನ್ನರು ಹಳೆಯ ಪೂಜಾಕ್ರಮದ ರಾಗಬದ್ಧ ಪಠಣ, ಪಾದ್ರಿಯ ಅಲಂಕೃತ ಉಡುಪುಗಳನ್ನು ಹಲವೆಡೆ ಬಹುಕಾಲ ಉಳಿಸಿಕೊಂಡರೆ, ಇಲ್ಲಿ ಹಾಡು, ವಾಚನ, ಪ್ರಸಂಗ, ಪ್ರಾರ್ಥನೆ ಇಷ್ಟರಿಂದಲೇ ಆರಾಧನೆ ಪೂರ್ಣವಾಗುತ್ತಿತ್ತು. ಎರಡನೆಯದು ಪಿಯೆಟಿಸಂ ಎಂಬ ಭಕ್ತಿಪಂಥದ ಪ್ರಭಾವ. ಜನಸಾಮಾನ್ಯರು ಮನೆಗಳಲ್ಲಿ ಸೇರಿ ಸತ್ಯವೇದ ಓದಿ ಪ್ರಾರ್ಥಿಸುವ ಕೂಟಗಳಿಗೆ 1743ರ ರಾಜಾಜ್ಞೆ ಅಲ್ಲಿ ಅಧಿಕೃತ ಮಾನ್ಯತೆ ಕೊಟ್ಟಿತು. ಪಾದ್ರಿ ಇಲ್ಲದಿದ್ದರೂ ಭಕ್ತಿ ನಡೆಯಬೇಕು, ಮನೆಯಲ್ಲೇ ನಡೆಯಬೇಕು ಎಂಬ ತಿಳಿವಳಿಕೆ ಅಲ್ಲಿ ಹೀಗೆ ಬೇರೂರಿತು.

ಬ್ರಿಟಿಷರಲ್ಲದ ಮಿಷನರಿಗಳಿಗೆ ಭಾರತದಲ್ಲಿ ಕೆಲಸ ಮಾಡುವ ದಾರಿ 1833ರ ಸನ್ನದು ಕಾಯ್ದೆಯಿಂದ ಸುಗಮವಾಯಿತು. ಮರುವರ್ಷ ಸಾಮುವೆಲ್ ಹೆಬಿಕ್, ಯೋಹಾನ್ ಕ್ರಿಸ್ಟೋಫ್ ಲೇನರ್ ಮತ್ತು ಗ್ರೈನರ್ ಕಲ್ಲಿಕೋಟೆಯಲ್ಲಿ ಇಳಿದು, 1834ರ ಅಕ್ಟೋಬರ್ 30ರಂದು ಮಂಗಳೂರು ತಲುಪಿದರು. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ ಶಾಲೆ, ಮುದ್ರಣ ಮತ್ತು ಕನ್ನಡ ಬರವಣಿಗೆಗೆ ಗಟ್ಟಿ ತಳಹದಿ ಹಾಕಿದರು. 1843ರಲ್ಲಿ ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆಯೆಂದು ಪ್ರಸಿದ್ಧ. ಹೆಬಿಕ್, ಮೋಗ್ಲಿಂಗ್ ಇಬ್ಬರೂ ವ್ಯೂರ್ಟೆಂಬೆರ್ಗಿನವರು.

ಮನೆಪ್ರಾರ್ಥನೆ

ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕ ಮೊದಲಿಗೆ ಮನೆಯ ಯಜಮಾನನನ್ನು ಉದ್ದೇಶಿಸಿದ್ದು. ದಶಾಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ ಮತ್ತು ಸಂಸ್ಕಾರಗಳನ್ನು ಮಕ್ಕಳಿಗೂ ಆಳುಕಾಳುಗಳಿಗೂ ಅವನೇ ಕಲಿಸಬೇಕು. ಬೆಳಿಗ್ಗೆ ಎದ್ದಾಗ, ಊಟಕ್ಕೆ ಕೂತಾಗ, ರಾತ್ರಿ ಮಲಗುವಾಗ ಹೇಳಬೇಕಾದ ಪ್ರಾರ್ಥನೆಗಳೂ ಅದರಲ್ಲಿವೆ. ಬೆಳಗಿನ ಪ್ರಾರ್ಥನೆ ಮುಗಿಸಿ ಒಂದು ಹಾಡು ಹೇಳಿ ಸಂತೋಷದಿಂದ ಕೆಲಸಕ್ಕೆ ಹೋಗಬೇಕೆಂಬುದು ಲೂಥರನ ಸಲಹೆ.

ಈ ಕ್ರಮ ತುಳುನಾಡಿನ ಮನೆಗಳಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆಯಾಗಿ ನೆಲೆಯೂರಿತು. ದೀಪ ಹಚ್ಚುವ ಹೊತ್ತಿಗೆ ಚಾವಡಿಯಲ್ಲಿ ಚಾಪೆ ಹಾಸಿ ಮನೆಮಂದಿಯೆಲ್ಲ ಕೂರುತ್ತಾರೆ. ಮೊದಲು ಒಂದು ಹಾಡು. ಪುಸ್ತಕ ನೋಡದೆ ಹಾಡಬಲ್ಲವರು ಎತ್ತಿಕೊಡುತ್ತಾರೆ. ಆಮೇಲೆ ಸತ್ಯವೇದದ ಒಂದು ಅಧ್ಯಾಯವನ್ನು ಸರದಿಯಂತೆ ಒಬ್ಬೊಬ್ಬರು ಒಂದೊಂದು ವಚನ ಓದುತ್ತಾರೆ. ಓದಲು ಬಾರದ ಮಗು ಕಂಠಪಾಠದ ವಚನ ಒಪ್ಪಿಸುತ್ತದೆ. ಹಿರಿಯರೊಬ್ಬರು ಸ್ವಂತ ಮಾತುಗಳಲ್ಲಿ ಪ್ರಾರ್ಥಿಸುತ್ತಾರೆ: ಜ್ವರದಲ್ಲಿ ಮಲಗಿದ ನೆರೆಯವರು, ಪರೀಕ್ಷೆ ಬರೆಯುವ ಮಕ್ಕಳು, ಊರು ಬಿಟ್ಟು ದುಡಿಯುವವರು, ಬಾರದ ಮಳೆ ಎಲ್ಲವೂ ಅದರೊಳಗೆ ಬರುತ್ತವೆ. ಕೊನೆಗೆ ಎಲ್ಲರೂ ಕೂಡಿ ಕರ್ತನ ಪ್ರಾರ್ಥನೆ ಹೇಳುತ್ತಾರೆ. ಊಟ ಅದಾದ ಮೇಲೆ.

ಈ ರೂಢಿ ಉಳಿಯಬೇಕಾದರೆ ಮನೆಯಲ್ಲಿ ಓದುಬರಹ ಬೇಕು. ಸಭೆಯಿದ್ದಲ್ಲಿ ಶಾಲೆ, ಹುಡುಗರ ಜೊತೆ ಹುಡುಗಿಯರಿಗೂ ಪಾಠ ಎಂಬ ನೀತಿಯ ಹಿಂದೆ ಇದ್ದ ಒಂದು ಕಾರಣ ಇದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿದ್ದು ಮಾಡಿದ ಕನ್ನಡ ಅನುವಾದದಿಂದಾಗಿ 1831ರ ವೇಳೆಗೆ ಇಡೀ ಸತ್ಯವೇದ ಕನ್ನಡದಲ್ಲಿ ದೊರೆತಿತ್ತು. ಆದರೆ ಸಭೆಯ ಹೆಚ್ಚಿನವರ ಮನೆಮಾತು ತುಳು. ಗ್ರೈನರ್, ಅಮ್ಮನ್ ಮೊದಲಾದ ಮಿಷನರಿಗಳ ಶ್ರಮದಿಂದ ಹೊಸ ಒಡಂಬಡಿಕೆ 1847ರಲ್ಲಿ ತುಳುವಿನಲ್ಲಿ ಮುದ್ರಣವಾಯಿತು. ಅದಕ್ಕೆ ಬಳಸಿದ್ದು ಕನ್ನಡ ಲಿಪಿ. ತುಳುವನ್ನು ಕನ್ನಡ ಅಕ್ಷರಗಳಲ್ಲಿ ಅಚ್ಚು ಹಾಕುವ ವಾಡಿಕೆ ಮಿಷನ್ ಮುದ್ರಣಗಳಿಂದ ಬಲಗೊಂಡಿತು. ಮನೆಯಲ್ಲಿ ತುಳು ಮಾತು, ಪುಸ್ತಕದಲ್ಲಿ ಕನ್ನಡ ಓದು, ಹಾಡು ಎರಡರಲ್ಲೂ ಎಂಬ ಸ್ಥಿತಿ ಹೀಗೆ ಬೆಳೆಯಿತು.

ಭಾನುವಾರದ ಆರಾಧನೆ

ಮಂಗಳೂರಿನ ಬಲ್ಮಠದ ಶಾಂತಿ ದೇವಾಲಯ 1862ರದು. ಅದರಂಥ ದೊಡ್ಡ ದೇವಾಲಯವಿರಲಿ, ಹಳ್ಳಿಯ ಹಂಚಿನ ಮಾಡಿನ ಸಭಾಮಂದಿರವಿರಲಿ, ಒಳಗಿನ ವ್ಯವಸ್ಥೆ ಸರಳ. ವಿಗ್ರಹಗಳಿಲ್ಲ, ಎದುರಿಗೆ ಶಿಲುಬೆ, ಕರ್ತನ ಭೋಜನದ ಮೇಜು, ಪಕ್ಕದಲ್ಲಿ ಪ್ರಸಂಗ ಪೀಠ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ ಕೂರುವುದು ಹಳೆಯ ಪದ್ಧತಿ.

ಗಂಟೆ ಬಾರಿಸಿದ ಮೇಲೆ ಹಾಡಿನಿಂದ ಆರಾಧನೆ ಆರಂಭ. ತ್ರಿಯೇಕ ದೇವರ ಹೆಸರಿನಲ್ಲಿ ಸಭಾಪಾಲಕರು ಸಭೆಯನ್ನು ಕರೆದು, ಪಾಪದ ಅರಿಕೆಯನ್ನು ನಡೆಸಿ, ಕ್ಷಮೆಯ ವಾಕ್ಯ ಓದುತ್ತಾರೆ. ಸತ್ಯವೇದದ ಪಾಠಗಳು, ವಿಶ್ವಾಸ ಪ್ರಮಾಣ, ಮತ್ತೊಂದು ಹಾಡು, ಅನಂತರ ಪ್ರಸಂಗ. ಆರಾಧನೆಯ ತಿರುಳು ಪ್ರಸಂಗವೇ. ಮುಕ್ಕಾಲು ಗಂಟೆ ಎಳೆದರೂ ಸಭೆ ಕೂತು ಕೇಳುವುದು ವಾಡಿಕೆ. ಕಾಣಿಕೆ ಎತ್ತಿ, ಸಭೆಗಾಗಿಯೂ ದೇಶಕ್ಕಾಗಿಯೂ ರೋಗಿಗಳಿಗಾಗಿಯೂ ಪ್ರಾರ್ಥಿಸಿದ ಮೇಲೆ ಆಶೀರ್ವಾದ. ಅರಣ್ಯಕಾಂಡದ 6ನೇ ಅಧ್ಯಾಯದಲ್ಲಿ ಆರೋನನಿಗೆ ಕೊಟ್ಟ ಆಶೀರ್ವಾದದ ಮಾತುಗಳನ್ನು ಆರಾಧನೆಯ ಕೊನೆಗೆ ಇಟ್ಟವನು ಲೂಥರ್; ಈ ರೂಢಿ ಕರಾವಳಿಗೂ ಬಂತು.

ವಾರದ ನಡುವೆ ಮನೆಗಳಲ್ಲಿ ಪ್ರಾರ್ಥನಾ ಕೂಟ, ಹೆಂಗಸರ ಕೂಟ ಇರುತ್ತವೆ; ಭಾನುವಾರ ಮಕ್ಕಳಿಗೆ ಸಂಡೇ ಸ್ಕೂಲು. ದೂರದ ಹಳ್ಳಿಗಳಿಗೆ ಸಭಾಪಾಲಕರು ಆಗೀಗ ಮಾತ್ರ ಹೋಗಲು ಸಾಧ್ಯವಿದ್ದ ಕಾಲದಲ್ಲಿ ಉಪದೇಶಿಗಳೂ ಸಭೆಯ ಹಿರಿಯರೂ ಆರಾಧನೆ ನಡೆಸುತ್ತಿದ್ದರು.

ಹಾಡು

ಜನರೇ ತಮ್ಮ ಭಾಷೆಯಲ್ಲಿ ಹಾಡಬೇಕೆಂಬುದು ಲೂಥರನ್ ಸುಧಾರಣೆಯ ಮುಖ್ಯ ಅಂಶಗಳಲ್ಲಿ ಒಂದು. ಅದರ ಮೊದಲ ಹಾಡಿನ ಪುಸ್ತಕಗಳು 1524ರಲ್ಲೇ ಹೊರಬಂದವು. ಮಂಗಳೂರಿನ ಮಿಷನರಿಗಳೂ ಬಂದ ಕೆಲವೇ ವರ್ಷಗಳಲ್ಲಿ ಜರ್ಮನ್ ಹಾಡುಗಳನ್ನು ಕನ್ನಡಕ್ಕೂ ತುಳುವಿಗೂ ತರತೊಡಗಿದರು. ಕೆಲಸ ಸುಲಭದ್ದಾಗಿರಲಿಲ್ಲ. ಜರ್ಮನ್ ಕೋರಲ್ ಮಟ್ಟುಗಳಲ್ಲಿ ಸಾಮಾನ್ಯವಾಗಿ ಅಕ್ಷರಕ್ಕೊಂದು ಸ್ವರ, ಒತ್ತು ಬೀಳುವ ಜಾಗ ನಿಶ್ಚಿತ. ಕನ್ನಡದ ಲಯ ನಿಂತಿರುವುದು ಲಘು ಗುರುಗಳ ಮೇಲೆ. ಮಟ್ಟಿಗೆ ಹೊಂದಿಸಲು ಹೋಗಿ ಹಲವು ಹಾಡುಗಳಲ್ಲಿ ಲಘುವನ್ನು ಎಳೆಯಬೇಕಾಯಿತು, ಗುರುವನ್ನು ಮೊಟಕಿಸಬೇಕಾಯಿತು. ಹಾಗಿದ್ದರೂ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಬರುವುದಕ್ಕೆ ಎಷ್ಟೋ ದಶಕ ಮೊದಲೇ ಪಾಶ್ಚಾತ್ಯ ಪದ್ಯಬಂಧಗಳನ್ನು ಕನ್ನಡದಲ್ಲಿ ಪ್ರಯತ್ನಿಸಿ ನೋಡಿದ ಶ್ರೇಯಸ್ಸು ಈ ಹಾಡುಗಳಿಗಿದೆ.

1853ರಲ್ಲಿ ಬಂದ ಮಿಷನರಿ ಫರ್ಡಿನಾಂಡ್ ಕಿಟೆಲ್ ಇನ್ನೊಂದು ದಾರಿ ಹಿಡಿದರು. 1862ರ ಅವರ ‘ಕಥಾಮಾಲೆ’ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳುತ್ತದೆ. ಮುಂದೆ ರಾಗತಾಳಗಳ ಕೀರ್ತನೆಗಳೂ ಸಭೆಯ ಹಾಡುಗಳ ಸಾಲಿಗೆ ಸೇರಿದವು. ಹಾರ್ಮೋನಿಯಂ ಅಥವಾ ಆರ್ಗನ್ ಜೊತೆಗೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು ನಾಲ್ಕು ದನಿಗಳಲ್ಲಿ ಹಾಡುವ ಕ್ವಾಯರ್ ಈ ಸಭೆಗಳ ಹೆಮ್ಮೆ.

ದೃಢೀಕರಣ, ಕರ್ತನ ಭೋಜನ, ಶಿಸ್ತು

ಶಿಶುಗಳಿಗೆ ದೀಕ್ಷಾಸ್ನಾನ ಕೊಡುವ ಲೂಥರನ್ ಪದ್ಧತಿಯಲ್ಲಿ, ಮಗು ಬೆಳೆದ ಮೇಲೆ ತನ್ನ ಬಾಯಿಂದಲೇ ವಿಶ್ವಾಸವನ್ನು ಒಪ್ಪಿಕೊಳ್ಳುವ ಘಟ್ಟ ದೃಢೀಕರಣ. ವ್ಯೂರ್ಟೆಂಬೆರ್ಗಿನಲ್ಲಿ ಇದು 1720ರ ದಶಕದಲ್ಲಿ ಜಾರಿಗೆ ಬಂತು. ಹದಿಹರೆಯದವರು ತಿಂಗಳುಗಟ್ಟಲೆ ಸಭಾಪಾಲಕರ ಬಳಿ ಪಾಠಕ್ಕೆ ಹೋಗಿ, ಪ್ರಶ್ನೋತ್ತರ ಕಲಿತು, ಸಭೆಯ ಎದುರು ಉತ್ತರ ಹೇಳಿ, ಅನಂತರ ಮೊದಲ ಬಾರಿಗೆ ಕರ್ತನ ಭೋಜನದಲ್ಲಿ ಪಾಲು ಪಡೆಯುತ್ತಾರೆ.

ಕರ್ತನ ಭೋಜನ ಹಿಂದೆ ಪ್ರತಿ ವಾರ ಇರುತ್ತಿರಲಿಲ್ಲ. ಅಪರೂಪವಾದಷ್ಟೂ ಅದರ ಸಿದ್ಧತೆ ಗಂಭೀರ. ಜಗಳವಾಡಿದವರು ರಾಜಿಯಾಗಿ ಬರಬೇಕೆಂಬ ನಿರೀಕ್ಷೆಯಿತ್ತು. ಜಾತಿಯ ವಿಷಯದಲ್ಲಿ ಬಾಸೆಲ್ ಮಿಷನ್ ಬಿಗಿ. ತಮಿಳುನಾಡಿನ ಲೈಪ್‌ಜಿಗ್ ಲೂಥರನ್ ಮಿಷನ್ ಜಾತಿಯ ಆಚರಣೆಗಳನ್ನು ಒಂದು ಮಟ್ಟಿಗೆ ಸಹಿಸಿಕೊಂಡರೆ, ಇಲ್ಲಿ ಎಲ್ಲರೂ ಒಂದೇ ಪಾತ್ರೆಯಿಂದ ಕುಡಿಯಬೇಕಿತ್ತು. ಬಿಲ್ಲವ ಕುಲದಿಂದ ಬಂದವರೂ ಸಾರಸ್ವತ ಬ್ರಾಹ್ಮಣ ಕುಲದಿಂದ ಬಂದ ಆನಂದರಾವ್ ಕೌಂಡಿನ್ಯರೂ ಒಂದೇ ಸಭೆಯವರು. 1844ರಲ್ಲಿ ದೀಕ್ಷಾಸ್ನಾನ ಪಡೆದ ಕೌಂಡಿನ್ಯರು ಬಾಸೆಲಿನಲ್ಲಿ ಓದಿ 1851ರಲ್ಲಿ ಬೋಧಕರಾಗಿ ಅಭಿಷಿಕ್ತರಾದರು.

ಭೂತದ ಕೋಲಕ್ಕೆ ಹೋಗುವುದು, ಕುಡಿತ, ವಿವಾಹದ ನಿಯಮ ಮೀರುವುದು ಇವುಗಳಿಗೆ ಕರ್ತನ ಭೋಜನದಿಂದ ದೂರ ಇಡುವುದೇ ಶಿಕ್ಷೆ. ನೆಂಟರಿಷ್ಟರೆಲ್ಲ ಕೋಲ, ನೇಮಗಳಲ್ಲಿ ಸೇರುವ ನಾಡಿನಲ್ಲಿ ಈ ನಿಷೇಧ ಕುಟುಂಬಗಳನ್ನು ಎರಡಾಗಿ ಸೀಳಿದ್ದೂ ಉಂಟು.

ದುಡಿಮೆ

ಸಭೆಗೆ ಸೇರಿದ ಬಿಲ್ಲವರಲ್ಲಿ ಅನೇಕರು ಕಳ್ಳು ಇಳಿಸುವ ಮೂರ್ತೆದಾರಿಕೆ ಬಿಡಬೇಕಾಯಿತು; ಗೇಣಿ ಒಕ್ಕಲುಗಳಿಗೆ ಭೂಮಿ ತಪ್ಪುವ ಭಯವಿತ್ತು. ಇವರಿಗೆ ಜೀವನೋಪಾಯ ಹುಡುಕುತ್ತ ಮಿಷನ್ ನೇಯ್ಗೆಗೆ ಕೈಹಾಕಿತು. 1865ರಲ್ಲಿ ಮಿಷನ್ನಿನ ಗೇಯೋರ್ಗ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಯಾವ ಪ್ರಾಮಾಣಿಕ ಕಸುಬಾದರೂ ದೇವರ ಸೇವೆಯೇ, ಪಾದ್ರಿಯ ಕೆಲಸಕ್ಕಿಂತ ಕಡಿಮೆಯದಲ್ಲ ಎಂಬ ಲೂಥರನ ಬೋಧನೆಗೆ ಇಲ್ಲಿ ನೇರ ಪ್ರಯೋಗ ದೊರೆಯಿತು. ಪ್ರಾರ್ಥನೆಯಾದ ಮೇಲೆ ಕೆಲಸ ಶುರು, ಭಾನುವಾರ ರಜೆ, ಹೊತ್ತಿಗೆ ಸರಿಯಾಗಿ ಹಾಜರಿ, ಉಳಿತಾಯದ ಅಭ್ಯಾಸ ಇವು ಕಾರ್ಖಾನೆಯ ಬದುಕಿನ ಭಾಗವಾದವು.

ಇದಕ್ಕೆ ಇನ್ನೊಂದು ಮುಖವಿತ್ತು. ಕೆಲಸ ಕೊಡುವವರು, ಮನೆಗೆ ಜಾಗ ಕೊಡುವವರು, ಸಭೆಯ ಶಿಸ್ತು ನೋಡುವವರು ಒಂದೇ ಸಂಸ್ಥೆಯವರಾದಾಗ, ಭಕ್ತಿಯಲ್ಲಿ ಆದ ತಪ್ಪು ಹೊಟ್ಟೆಪಾಡಿಗೂ ತಟ್ಟಬಹುದಿತ್ತು. ಸಭೆ ತನ್ನ ಕಾಲ ಮೇಲೆ ನಿಲ್ಲಲು ಬಹುಕಾಲ ಹಿಡಿದುದಕ್ಕೆ ಈ ಅವಲಂಬನೆ ಒಂದು ಕಾರಣ.

ಹಬ್ಬ, ಮರಣ

ವರ್ಷದ ಚಕ್ರ ಆಗಮನ ಕಾಲದಿಂದ ಶುರುವಾಗಿ ಕ್ರಿಸ್ಮಸ್, ಶ್ರಮೆಯ ಕಾಲ, ಶುಭ ಶುಕ್ರವಾರ, ಈಸ್ಟರ್, ಪಂಚಾಶತ್ತಮ ಹಬ್ಬಗಳ ಮೂಲಕ ಸಾಗುತ್ತದೆ. ಊರಿನ ಮಣ್ಣಿಗೆ ಹೆಚ್ಚು ಹತ್ತಿರವಾದದ್ದು ಬೆಳೆಹಬ್ಬ. ಜರ್ಮನಿಯಲ್ಲಿ ಸುಗ್ಗಿಯ ಕೃತಜ್ಞತಾ ಭಾನುವಾರ ಅಕ್ಟೋಬರಿನ ಆರಂಭಕ್ಕೆ ಬರುತ್ತದೆ. ಕರಾವಳಿಯಲ್ಲಿ ಏಣೆಲು ಎಂಬ ಮಳೆಗಾಲದ ಭತ್ತದ ಬೆಳೆಯ ಕೊಯ್ಲೂ ಹೆಚ್ಚುಕಡಿಮೆ ಆ ಹೊತ್ತಿಗೇ. ಭತ್ತದ ತೆನೆ, ಬಾಳೆಗೊನೆ, ತೆಂಗಿನಕಾಯಿ, ಸೌತೆ, ಊರ ಕೋಳಿ, ಮನೆಯಲ್ಲಿ ಮಾಡಿದ ತಿಂಡಿ ಎಲ್ಲವನ್ನೂ ತಂದು ಮೇಜಿನ ಮುಂದೆ ಇಡುತ್ತಾರೆ. ಆರಾಧನೆ ಮುಗಿದದ್ದೇ ಅಂಗಳದಲ್ಲಿ ಏಲಂ. ಒಂದು ಬಾಳೆಗೊನೆಗೆ ಸವಾಲು ಏರುತ್ತ ಏರುತ್ತ ಪೇಟೆಯ ಬೆಲೆಯನ್ನು ದಾಟಿ ಹೋಗುತ್ತದೆ. ಕೂಗಿ ಪಡೆದವರು ಅದನ್ನು ಮತ್ತೆ ಸಭೆಗೇ ಬಿಟ್ಟುಕೊಟ್ಟರೆ ಎರಡನೆಯ ಸಲ ಏಲಂ. ಹಣ ಸಭೆಯ ನಿಧಿಗೆ.

ಸಾವಿನ ಮನೆಯಲ್ಲಿ ಲೂಥರನ್ ಬೋಧನೆ ಸ್ಪಷ್ಟವಾಗಿ ಕಾಣುತ್ತದೆ. ತೀರಿಕೊಂಡವರ ಗತಿ ದೇವರ ಕೃಪೆಯಲ್ಲಿದೆ. ಮನುಷ್ಯರು ಮಾಡುವ ಕರ್ಮದಿಂದ ಅದು ಬದಲಾಗದು. ಆದ್ದರಿಂದ ಮನೆಯಲ್ಲೂ ಸಮಾಧಿಯ ಬಳಿಯೂ ಹಾಡು, ವಾಕ್ಯ, ಪ್ರಾರ್ಥನೆ ಉಳಿದವರ ಸಾಂತ್ವನಕ್ಕಾಗಿ ನಡೆಯುತ್ತವೆ. ಬಳಿಕದ ದಿನಗಳಲ್ಲಿ ಸಭೆಯವರು ಆ ಮನೆಗೆ ಬಂದು ಪ್ರಾರ್ಥಿಸುವುದೂ ಇದಕ್ಕಾಗಿಯೇ.

1914ರ ನಂತರ

ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು, ಬಳಿಕ ದೇಶದಿಂದ ಹೊರಗೆ ಕಳುಹಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಪಾಲಾದವು. ಹಣವೂ ಆಡಳಿತವೂ ಕೈತಪ್ಪಿದರೂ ಆರಾಧನೆ ನಿಲ್ಲಲಿಲ್ಲ. ಊರಿನ ಸಭಾಪಾಲಕರು, ಉಪದೇಶಿಗಳು ಮತ್ತು ಹಿರಿಯರು ಅದನ್ನು ನಡೆಸಿಕೊಂಡು ಹೋದರು. ಮನೆಪ್ರಾರ್ಥನೆ ಮತ್ತು ಕೂಟಗಳಿಗೆ ಮಿಷನರಿ ಬೇಕಿರಲಿಲ್ಲ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹಲವು ಪ್ರೊಟೆಸ್ಟಂಟ್ ಪಂಗಡಗಳು ಒಂದಾಗಿ ದಕ್ಷಿಣ ಭಾರತ ಸಭೆ ಉದಯಿಸಿತು. ಕರಾವಳಿಯ ಬಾಸೆಲ್ ಸಭೆಗಳು ಮುಂದೆ ಅದರಲ್ಲಿ ಸೇರಿ, ಇಂದು ಕರ್ನಾಟಕ ದಕ್ಷಿಣ ಸಭಾಪ್ರಾಂತದ ಭಾಗವಾಗಿವೆ. ಬಿಷಪರ ಆಡಳಿತ, ಹೊಸ ಆರಾಧನಾ ಕ್ರಮ, ಹಿಂದಿಗಿಂತ ಹೆಚ್ಚಾಗಿ ಕರ್ತನ ಭೋಜನ, ಅಭಿಷಿಕ್ತ ಸೇವೆಯಲ್ಲಿ ಹೆಂಗಸರು ಇವು ಈ ಐಕ್ಯದ ತರುವಾಯ ಬಂದ ಬದಲಾವಣೆಗಳು. ಪ್ರಸಂಗಕ್ಕೆ ಕೊಡುವ ಪ್ರಾಧಾನ್ಯ, ಶಿಶು ದೀಕ್ಷಾಸ್ನಾನ ಮತ್ತು ದೃಢೀಕರಣ, ಕೋರಲ್ ಮಟ್ಟುಗಳು, ಬೆಳೆಹಬ್ಬ, ಮನೆಗಳ ಪ್ರಾರ್ಥನಾ ಕೂಟ ಹಿಂದಿನಿಂದ ಉಳಿದು ಬಂದಿವೆ.