ನಕ್ಷೆ ಆ್ಯಪ್‌ಗಳ ನಿಖರತೆ

ಮೊಬೈಲ್ ಫೋನಿನ ನಕ್ಷೆ ಆ್ಯಪ್‌ಗಳು ತೋರಿಸುವ ಸ್ಥಾನ ಮತ್ತು ದಾರಿ ವಾಸ್ತವಕ್ಕೆ ಎಷ್ಟು ಹತ್ತಿರ ಎಂಬುದರ ಅಳತೆ. ಫೋನ್ ಎಲ್ಲಿದೆ ಎಂಬುದು ಒಂದು ಪ್ರಶ್ನೆ. ಅಲ್ಲಿ ರಸ್ತೆ ಹೇಗಿದೆ ಎಂಬುದು ಇನ್ನೊಂದು, ಹೆಚ್ಚು ಕಠಿಣವಾದದ್ದು.

ಸ್ಥಾನವನ್ನು ಉಪಗ್ರಹ ಸಂಕೇತಗಳಿಂದ ಲೆಕ್ಕ ಹಾಕಲಾಗುತ್ತದೆ. ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಅಸ್ಪಷ್ಟಗೊಳಿಸುವುದನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಇಂದು ಬಯಲಿನಲ್ಲಿ ಫೋನಿನ ತಪ್ಪು ಸಾಮಾನ್ಯವಾಗಿ 5 ಮೀಟರಿನ ಆಸುಪಾಸು. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ತಡವಾಗಿ ತಲುಪುವುದರಿಂದ ತಪ್ಪು ಹೆಚ್ಚುತ್ತದೆ. ವಾಹನ ಮೇಲ್ಸೇತುವೆಯ ಮೇಲಿದೆಯೋ ಕೆಳಗಿದೆಯೋ ಎಂಬ ಗೊಂದಲ ಬೆಂಗಳೂರಿನ ಚಾಲಕರಿಗೆ ಚೆನ್ನಾಗಿ ಗೊತ್ತು. ಎರಡು ತರಂಗಾಂತರಗಳನ್ನು ಗ್ರಹಿಸುವ ಹೊಸ ಫೋನ್‌ಗಳಲ್ಲಿ, ಗೋಡೆಗೆ ಬಡಿದು ಬರುವ ಸಂಕೇತದಿಂದಾಗುವ ದೋಷ ಕಡಿಮೆ. ಜಿಪಿಎಸ್‌ನಂತೆ ಸ್ಥಾನ ತಿಳಿಸುವ ಭಾರತದ ಸ್ವಂತ ಉಪಗ್ರಹ ವ್ಯವಸ್ಥೆ ನಾವಿಕ್; ಅದರ ಇಸ್ರೋ ಕೇಂದ್ರ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ.

ಪ್ರಾಣಕ್ಕೆ ಕುತ್ತು ತರುವುದು ಹೆಚ್ಚಾಗಿ ನಕ್ಷೆಯ ತಪ್ಪು. 2012ರಲ್ಲಿ ಆಪಲ್ ನಕ್ಷೆ ಆಸ್ಟ್ರೇಲಿಯಾದ ಮಿಲ್ಡುರಾ ಪಟ್ಟಣವನ್ನು ಸುಮಾರು 70 ಕಿಲೋಮೀಟರ್ ದೂರದ, ನೀರಿಲ್ಲದ ರಾಷ್ಟ್ರೀಯ ಉದ್ಯಾನದಲ್ಲಿ ತೋರಿಸಿತು. ದಾರಿ ತಪ್ಪಿದವರನ್ನು ಪೊಲೀಸರು ರಕ್ಷಿಸಬೇಕಾಯಿತು. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ, ಪ್ರವಾಹದಲ್ಲಿ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಚಾಲಕ ಆ್ಯಪ್ ತೋರಿಸಿದ ದಾರಿಯಲ್ಲಿ ಹೋಗುತ್ತಿದ್ದನೆಂದು ವರದಿಯಾಯಿತು. ಇಂಥ ಸಾವಿಗೆ ಆ್ಯಪ್ ಒಂದನ್ನೇ ದೂರುವುದು ಸರಿಯಲ್ಲ. ಮುರಿದ ಸೇತುವೆಗೆ ಭದ್ರವಾದ ಅಡ್ಡಗಟ್ಟೆ ಹಾಕಬೇಕಾದದ್ದು ಆಡಳಿತದ ಹೊಣೆ.

ರಾತ್ರಿ, ಮಳೆಗಾಲ ಮತ್ತು ಅಪರಿಚಿತ ಹಳ್ಳಿ ರಸ್ತೆಗಳಲ್ಲಿ ಸ್ಥಳೀಯರನ್ನು ಕೇಳಿಯೇ ಮುಂದುವರಿಯುವುದು ಕ್ಷೇಮ.